ಮಗಳ ಬ್ಯಾಟು, ಅಪ್ಪನ ಬಾಯಿ

ಮೊನ್ನೆ ಗುರುವಾರ ಸಂಜೆ ನನ್ನ ಮಗಳು ನಮ್ಮ ಅಡುಗೆಮನೆಯಲ್ಲಿ ಕೂತು ತನ್ನ ಕೋಚ್‌ಗೆ ಒಂದು ಸುಳ್ಳು ಹೇಳಿದಳು.

ಆ ಸುಳ್ಳಿನಿಂದ ಬಚಾವಾದವನು ನಾನು.

ಇಳಾ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವಿಡಿಯೊ ಕಾಲ್‌ನಲ್ಲಿದ್ದಳು. ಆ ಕಡೆ ಅಮೆರಿಕದಲ್ಲಿ ಅವಳ ಬೇಸ್‌ಬಾಲ್ ಕೋಚ್ ಮಾರ್ಸಿ. ಈ ಕಡೆ ನನ್ನ ಹೆಂಡತಿ ಸುಮನಾ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಫ್ರಿಜ್ ಪಕ್ಕ ನಿಂತು ಕೋಡುಬಳೆ ಡಬ್ಬಿಗೆ ಕೈ ಹಾಕಿದ್ದೆ. (ಡಾಕ್ಟರು ಬೇಡ ಅಂದಿದ್ದಾರೆ. ಆ ವಿಷಯ ಇನ್ನೊಂದು ಸಲ ಮಾತಾಡೋಣ.)

"ನೀನು ಬ್ಯಾಟ್ ಬೀಸೋ ರೀತಿ, ನಿನ್ನ ಸ್ವಿಂಗ್, ಬದಲಾಗಿದೆ. ಯಾರು ಬದಲಾಯಿಸಿದ್ದು?" ಎಂದು ಕೇಳಿದರು ಕೋಚ್.

"ಯಾರೂ ಇಲ್ಲ. ನಾನೇ," ಎಂದಳು ಇಳಾ. ಕಣ್ಣು ಕೂಡ ಮಿಟುಕಿಸಲಿಲ್ಲ.

ಬಾಯಲ್ಲಿದ್ದ ಕೋಡುಬಳೆಯನ್ನು ಕಡಿಯಲಾರದೆ, ನುಂಗಲಾರದೆ ಹಾಗೇ ನಿಂತೆ.

"ಭಾನುವಾರದೊಳಗೆ ನಂಗೊಂದು ವಿಡಿಯೊ ಕಳಿಸು. ನಾನು ಸಂಬಳ ಕೊಟ್ಟು ಕರೆಸಿಕೊಂಡಿದ್ದು ನಿನ್ನ ಹಳೇ ಸ್ವಿಂಗನ್ನ. ಅದು ಇನ್ನೂ ಇದೆ ಅಂತಾದರೆ ಈ ವರ್ಷದ ತರಬೇತಿ ಕ್ಯಾಂಪಿಗೆ ಬಾ. ಇಲ್ಲ ಅಂದರೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡಬೇಕಾಗುತ್ತೆ."

ಕಾಲ್ ಮುಗಿಯಿತು. ಸುಮನಾ ಸೌಟನ್ನು ಬಾಣಲೆಯಲ್ಲೇ ಬಿಟ್ಟು ನನ್ನ ಕಡೆ ತಿರುಗಿ ನೋಡಿದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನಿಗೆ ಆ ನೋಟ ಸಾಕು.

ಹೌದು ಸ್ವಾಮಿ, ನನ್ನ ಮಗಳ ಸ್ವಿಂಗ್ ಬದಲಾಯಿಸಿದವನು ನಾನೇ. ಜನ್ಮದಲ್ಲಿ ಒಂದು ಸಲವೂ ಬೇಸ್‌ಬಾಲ್ ಬ್ಯಾಟ್ ಬೀಸದೆ, ಇಂಗ್ಲಿಷರ ನಾಡಿನ ಹ್ಯಾರೋ ಊರಿನ ನನ್ನ ಮನೆಯ ಸೋಫಾದಲ್ಲಿ ಕಾಲು ಚಾಚಿಕೊಂಡು, ಫೋನಿನಲ್ಲೇ ಬದಲಾಯಿಸಿದೆ.

ಈ ಅಂಕಣದ ಹಳೇ ಓದುಗರಿಗೆ ಇಳಾ ಗೊತ್ತು. ಏಳನೇ ವಯಸ್ಸಿನಲ್ಲಿ ನನ್ನ ಬೌಲಿಂಗ್‌ಗೆ ಪಕ್ಕದ ಮನೆಯ ಗ್ರೀನ್‌ಹೌಸಿನ ಗಾಜು ಪುಡಿ ಮಾಡಿದವಳು ಅವಳೇ. ಈಗ ಇಪ್ಪತ್ಮೂರು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. (ಇಲ್ಲಿ ಅವಳ ಮಾತನ್ನೆಲ್ಲ ನಾನೇ ಕನ್ನಡಕ್ಕೆ ತಂದಿದ್ದೇನೆ. ಸಿಟ್ಟು ಬಂದಾಗ ಮಾತ್ರ ಅವಳೇ ಅಚ್ಚ ಮೈಸೂರು ಕನ್ನಡಕ್ಕೆ ಇಳಿಯುತ್ತಾಳೆ.)

ಯೂನಿವರ್ಸಿಟಿಗೆ ಸೇರಿದ ಮೊದಲ ವರ್ಷ ಕ್ರಿಕೆಟ್ ಆಡೋಣ ಅಂತ ಮೈದಾನಕ್ಕೆ ಹೋಗಿದ್ದಳು. ಪಕ್ಕದಲ್ಲಿ ಹುಡುಗಿಯರ ಬೇಸ್‌ಬಾಲ್ ತಂಡಕ್ಕೆ ಒಬ್ಬಳು ಕಡಿಮೆ ಬಿದ್ದಿದ್ದಳಂತೆ. ಬರ್ತೀಯಾ ಅಂದರು, ಹೋದಳು. ದೂರದ ಬೌಂಡರಿ ಕಡೆ ನಿಲ್ಲಿಸಿದರು. ಅದಕ್ಕೆ ಔಟ್‌ಫೀಲ್ಡ್ ಅನ್ನುತ್ತಾರೆ. ಆಮೇಲೆ ಅವಳ ಸರದಿ ಬಂದಾಗ ಬ್ಯಾಟ್ ಕೊಟ್ಟರು. ಮೊದಲ ಬಾಲ್ ಮಿಸ್. ಎರಡನೆಯದೂ ಮಿಸ್. ಮೂರನೆಯದು ಮರಗಳ ಆಚೆ ಹೋಯಿತು. ಹುಡುಕಲು ಹೋದವರು ಬರಿಗೈಲಿ ಬಂದರಂತೆ.

ಆ ಮೂರು ಬಾಲ್‌ನಲ್ಲೇ ಅವಳ ಇಡೀ ಕೆರಿಯರ್ ಇದೆ ನೋಡಿ. ಸಿಕ್ಕಿದರೆ ಆಕಾಶ. ಸಿಗದಿದ್ದರೆ ಗಾಳಿ.

ಅಮೆರಿಕದಲ್ಲಿ ಹುಡುಗಿಯರಿಗೂ ಸಂಬಳ ಕೊಟ್ಟು ಬೇಸ್‌ಬಾಲ್ ಆಡಿಸುವ ತಂಡವೊಂದರ ಕೋಚ್ ಅವಳ ವಿಡಿಯೊ ನೋಡಿದರು, ಟ್ರಯಲ್‌ಗೆ ಕರೆದರು, ಒಂದು ಸೀಸನ್ನಿಗೆ ಕಾಂಟ್ರಾಕ್ಟ್ ಕೊಟ್ಟರು. ಆ ದಿನ ಕೋಚ್ ನಮ್ಮ ಜೊತೆಗೂ ಮಾತಾಡಿದ್ದರು. "ನಿಮ್ಮ ಮಗಳು ಇನ್ನೂ ಪಳಗಿಲ್ಲ. ಆದರೆ ಈ ತರಹ ಹೊಡೆಯೋದನ್ನ ಯಾರಿಗೂ ಕಲಿಸೋಕೆ ಬರಲ್ಲ. ಉಳಿದದ್ದು ನನಗೆ ಬಿಡಿ," ಅಂದಿದ್ದರು.

ನನಗೆ ಬಿಡಿ. ಎಷ್ಟು ಸ್ಪಷ್ಟವಾದ ಮಾತು! ನಾನು ಬಿಟ್ಟೆನೆ?

ಹೊರಗಿನವರ ಮುಂದೆ ನಾನು ಮಗಳ ಪರ ಗಟ್ಟಿಯಾಗಿ ನಿಂತೆ, ಅದರಲ್ಲಿ ಅನುಮಾನ ಬೇಡ. ಇಲ್ಲಿ ನಮ್ಮವರ ಮನೆಗಳಲ್ಲಿ ಸತ್ಯನಾರಾಯಣ ಪೂಜೆ ಮುಗಿದು ಪ್ರಸಾದ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಈ ಸಂಭಾಷಣೆ ಶುರುವಾಗುತ್ತದೆ.

"ಮಗಳು ಏನ್ ಮಾಡ್ತಿದಾಳೆ?"

"ಬೇಸ್‌ಬಾಲ್ ಆಡ್ತಾಳೆ."

"ಅದು ಸರಿ. ಕೆಲಸ?"

"ಅದೇ ಕೆಲಸ."

ಪ್ರಸಾದ ಒಂದು ತುತ್ತು ಬಾಯಿಗೆ ಹೋಗುತ್ತದೆ. ಆಮೇಲೆ, "ಮಾಸ್ಟರ್ಸ್ ಯಾವಾಗ ಮಾಡ್ತಾಳೆ?"

ಇಂಥವರಿಗೆಲ್ಲ ಸರಿಯಾಗಿ ಉತ್ತರ ಕೊಟ್ಟಿದ್ದೇನೆ. ಕೆಲವರು ಈಗ ನನ್ನನ್ನು ಕಂಡರೆ ಹಣ್ಣಿನ ತಟ್ಟೆ ಹಿಡಿದುಕೊಂಡು ಆಚೆ ರೂಮಿಗೆ ಹೋಗುತ್ತಾರೆ. ತೊಂದರೆ ಇದ್ದದ್ದು ಹೊರಗಿನವರಿಂದಲ್ಲ.

ತೊಂದರೆ ನನ್ನ ಕ್ರಿಕೆಟ್ಟು. ಮೈಸೂರಿನಲ್ಲಿ ಕಾಲೇಜು ಟೀಮಿನ ಓಪನಿಂಗ್ ಬ್ಯಾಟ್ಸ್‌ಮನ್ ನಾನು. ಒಂದು ಇಡೀ ಬೆಳಗ್ಗೆ ಆಡಿ ಹದಿನೇಳು ರನ್ ಹೊಡೆದವನು. ನಗಬೇಡಿ. ಹೊಸ ಬಾಲು, ಹಸಿರು ಪಿಚ್ಚು, ಎದುರು ತುದಿಗೆ ಆಡಲು ಬಂದವರೆಲ್ಲ ಔಟಾದರು, ನಾನು ಆಗಲಿಲ್ಲ. ವಿಕೆಟ್ ಕೊಡಬಾರದು. ಕಷ್ಟದ ಬಾಲ್ ಬಂದರೆ ಬ್ಲಾಕ್ ಮಾಡಿ ನಿಲ್ಲಬೇಕು. ಇದು ನನ್ನ ಬ್ಯಾಟಿಂಗ್, ಇದೇ ನನ್ನ ಬಾಳು.

ಆಫೀಸಿನಲ್ಲೂ ಅಷ್ಟೆ. ನಾಲ್ಕು ಸಲ ರೀಆರ್ಗನೈಸೇಶನ್ ಆಯಿತು. ನನಗಿಂತ ಬುದ್ಧಿವಂತರು, ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡಿದವರು, ಹೊಸದೇನೋ ಮಾಡುತ್ತೇನೆ ಅಂದವರು ಹೊರಗೆ ಹೋದರು. ನಾನು ಬ್ಲಾಕ್ ಮಾಡುತ್ತಾ ನಿಂತೆ. ಇವತ್ತಿಗೂ ಅದೇ ಮೆಟ್ರೊಪಾಲಿಟನ್ ಲೈನ್ ರೈಲು, ಅದೇ ಸೀಟು, ಅದೇ ಕಾಫಿ ಕಪ್ಪು.

ಇಂಥ ನಾನು ಮಗಳ ಆಟವನ್ನು ಲೈವ್ ನೋಡಲು ಕೂತರೆ ಏನಾಗಬೇಕು?

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಮೂರು ಸಲ ಬೀಸಿ ಮೂರೂ ಮಿಸ್ ಆದರೆ ಔಟು, ಒಂದೊಂದು ಮಿಸ್ಸಿಗೂ ಸ್ಟ್ರೈಕ್ ಅಂತ ಹೆಸರು. ಇಳಾ ದೊಡ್ಡದಾಗಿ ಬೀಸುವವಳು, ಹಾಗಾಗಿ ಮೇಲಿಂದ ಮೇಲೆ ಹೀಗೇ ಔಟಾಗುತ್ತಿದ್ದಳು. ನಡುವೆ ಒಂದು ಸಲ ಬೇಲಿ ಆಚೆ ಹೊಡೆದರೆ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು. ನನಗೆ ಅದು ಕಾಣುತ್ತಿರಲಿಲ್ಲ. ಮಿಸ್ ಆದದ್ದೇ ಕಾಣುತ್ತಿತ್ತು. ಅವಳು ತಲೆ ತಗ್ಗಿಸಿಕೊಂಡು ಬೆಂಚಿನ ಕಡೆ ನಡೆದುಹೋಗುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಫೋನ್ ಮಾಡಿದೆ. "ಪುಟ್ಟಿ, ಎರಡು ಸ್ಟ್ರೈಕ್ ಆದ್ಮೇಲೆ ಬೀಸ್ಬೇಡ. ಸುಮ್ನೆ ಬ್ಯಾಟ್ ಅಡ್ಡ ಇಡು. ಬ್ಲಾಕ್ ಮಾಡು."

"ಇದು ಕ್ರಿಕೆಟ್ ಅಲ್ಲ ಅಪ್ಪ."

"ಆಟ ಯಾವುದಾದ್ರೇನು? ಔಟಾಗ್ಬಾರ್ದು ಅಷ್ಟೆ."

ಒಂದು ಸಲವಲ್ಲ, ಎರಡು ಸಲವಲ್ಲ. ಪ್ರತಿ ಮ್ಯಾಚಿನ ಮರುದಿನ ಹೇಳಿದೆ. ಕೊನೆಗೆ ಅವಳು ಕೇಳಿದಳು. ಮಕ್ಕಳು ನಮ್ಮ ಮಾತು ಕೇಳುವುದಿಲ್ಲ ಅಂತ ಗೊಣಗುತ್ತೇವಲ್ಲ, ಕೇಳಿಬಿಟ್ಟರೆ ಏನಾಗುತ್ತದೆ ಅಂತ ಯಾರಾದರೂ ಯೋಚಿಸಿದ್ದೀರಾ?

ಮಿಸ್ ಆಗುವುದು ನಿಂತಿತು. ನಾನು ಹಿಗ್ಗಿ ಹೀರೇಕಾಯಾದೆ. ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಇವತ್ತು ಒಂದೂ ಮಿಸ್ ಇಲ್ಲ!" ಅಂತ ಹಾಕಿ, ಮೂರು ಚಪ್ಪಾಳೆ ಕೂಡ ನಾನೇ ಸೇರಿಸಿದೆ.

ಆದರೆ ಬ್ಲಾಕ್ ಮಾಡಿದ ಬಾಲ್ ಎಲ್ಲಿಗೆ ಹೋಗುತ್ತದೆ? ಕ್ರಿಕೆಟ್ಟಿನಲ್ಲಿ ಕಾಲ ಬುಡದಲ್ಲಿ ಬೀಳುತ್ತದೆ, ನಾವು ಗ್ಲೌಸ್ ಸರಿ ಮಾಡಿಕೊಂಡು ಆರಾಮಾಗಿ ನಿಲ್ಲುತ್ತೇವೆ. ಓಡಲೇಬೇಕು ಅಂತೇನಿಲ್ಲ. ಬೇಸ್‌ಬಾಲ್‌ನಲ್ಲಿ ಆ ಸೌಕರ್ಯ ಇಲ್ಲ. ಬಾಲ್ ಬ್ಯಾಟಿಗೆ ತಗುಲಿ ಮೈದಾನದ ಎರಡು ಪಕ್ಕದ ಗೆರೆಗಳೊಳಗೆ ಬಿತ್ತೋ, ಬ್ಯಾಟ್ ಬಿಸಾಕಿ ಓಡಲೇಬೇಕು. ಮುಂದೆ ಮೆಲ್ಲಗೆ ಉರುಳಿದ ಬಾಲನ್ನು ಎದುರಿನವರು ಎತ್ತಿ ಎಸೆಯುತ್ತಾರೆ, ಅದು ನಮಗಿಂತ ಮುಂಚೆ, ನಾವು ಓಡಿ ಸೇರಬೇಕಾದ ಮೊದಲ ಬೇಸ್ ಮುಟ್ಟುತ್ತದೆ, ಔಟು. ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟ್ ಅಡ್ಡ ಇಟ್ಟು, ಬಾಲ್ ಗೆರೆಯ ಆಚೆ ಹೋದರೆ ಅದೂ ಔಟು. ಈ ನಿಯಮ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಪುಸ್ತಕ ತಂದು ಓದಿದ್ದೆ. ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಅವಳು ಔಟಾಗುತ್ತಲೇ ಇದ್ದಳು. ನೋಡುವುದಕ್ಕೆ ಮರ್ಯಾದಸ್ಥರ ಹಾಗೆ ಔಟಾಗುತ್ತಿದ್ದಳು ಅಷ್ಟೆ.

ಬೇಲಿ ಆಚೆ ಹೋಗುವ ಬಾಲ್‌ಗಳೂ ನಿಂತುಹೋದವು. ಸೀಸನ್ನಿನ ಕೊನೆಯ ಮ್ಯಾಚ್‌ಗಳಲ್ಲಿ ಕೋಚ್ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಚಳಿಗಾಲಕ್ಕೆ ಮನೆಗೆ ಬಂದಳು. ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದೆ ಬಂದಳು.

ಗುರುವಾರ ಉಪ್ಪಿಟ್ಟು ತಿಂದ ಮೇಲೆ ಅವಳ ರೂಮಿಗೆ ಹೋದೆ. "ಕೋಚ್ ಹತ್ರ ಯಾಕೆ ಸುಳ್ಳು ಹೇಳಿದೆ?"

ಅವಳು ಹಾಸಿಗೆ ಮೇಲೆ ಕೂತು ಗ್ಲೌಸಿಗೆ ಎಣ್ಣೆ ಹಚ್ಚುತ್ತಿದ್ದಳು. "ನಾನು ಮಿಸ್ ಮಾಡೋದು ನಿಲ್ಲಿಸಿದ್ಮೇಲೆ ನೀನು ಫೋನಲ್ಲಿ ಎಷ್ಟು ಖುಷಿಯಾಗಿ ಮಾತಾಡ್ತಿದ್ದೆ ಗೊತ್ತಾ ಅಪ್ಪ? ನಿನ್ನ ದನಿಯೇ ಬೇರೆ ಇತ್ತು. ಅದು ತಪ್ಪು ಅಂತ ಬೇರೆಯವರು ಹೇಳೋದು ನಂಗೆ ಬೇಕಿರಲಿಲ್ಲ."

ಅವಳಿಗೆ ಆ ಸ್ವಿಂಗ್ ಕೆಲಸಕ್ಕೆ ಬರುವುದಿಲ್ಲ ಅಂತ ಮೊದಲ ವಾರವೇ ಗೊತ್ತಾಗಿತ್ತಂತೆ. ಅಪ್ಪನ ದನಿಗೋಸ್ಕರ ತನ್ನ ಕೆಲಸವನ್ನೇ ಪಣಕ್ಕಿಟ್ಟಿದ್ದಳು. ನನಗೆ ಅಳು ಬಂತು. ಬಂದದ್ದನ್ನು ಬಂತು ಅಂತಲೇ ಬರೆಯುತ್ತೇನೆ.

ಕೆಳಗೆ ಬಂದರೆ ಸುಮನಾ ಪಾತ್ರೆ ಒರೆಸುತ್ತಿದ್ದಳು. "ರೀ, ಕ್ಲಿನಿಕ್ಕಲ್ಲಿ ಆ ಮ್ಯಾನೇಜರ್ ಪೋಸ್ಟ್ ಬಂದಾಗ ನಂಗೂ ಹೀಗೇ ಹೇಳಿದ್ರಿ. ಇರೋದು ಸೇಫಾಗಿದೆ, ಸುಮ್ನಿರು ಅಂತ," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅವಳು ಇವತ್ತಿಗೂ ಅದೇ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲೇ ಇದ್ದಾಳೆ.

ಸರಿ, ಕೆಡಿಸಿದವನೇ ಸರಿ ಮಾಡುತ್ತೇನೆ ಅಂತ ಶನಿವಾರ ಬೆಳಗ್ಗೆ ಪಾರ್ಕಿಗೆ ಹೊರಟೆ. ಫೆಬ್ರವರಿಯ ಚಳಿ, ಕಾಲಡಿ ಕೆಸರು. ನಾನು ಎಸೆದೆ. ಇಳಾ ಬ್ಲಾಕ್ ಮಾಡಿದಳು. ಮತ್ತೆ ಎಸೆದೆ. ಮತ್ತೆ ಬ್ಲಾಕ್.

"ಬೀಸು ಪುಟ್ಟಿ!"

"ಬೀಸಬೇಕು ಅಂತಲೇ ಹೊರಡ್ತೀನಿ. ನೀನು ಎಸೆದ್ರೆ ಕೈ ತಾನಾಗೇ ಹಾಗಾಗತ್ತೆ."

ಒಂದು ಗಂಟೆ ಎಸೆದೆ. ಒಂದೂ ಬಾಲ್ ಮೇಲೆ ಏಳಲಿಲ್ಲ. ಅವಳ ಮುಖ ಬಾಡಿತು. ಕೊನೆಗೆ ಬ್ಯಾಟನ್ನು ನೆಲಕ್ಕೆ ಕುಕ್ಕಿ, "ಸಾಕು ಕಣಪ್ಪ, ನಂಗೆ ಆಗ್ತಿಲ್ಲ!" ಅಂದಳು. ಕನ್ನಡದಲ್ಲಿ.

ಉಳಿದದ್ದು ಒಂದೇ ದಿನ. ನನಗೆ ಒಂದೇ ಒಂದು ಹೆಸರು ಹೊಳೆಯಿತು, ಅದನ್ನು ನೆನೆಸಿಕೊಂಡದ್ದೇ ಬಾಯಿ ಕಹಿಯಾಯಿತು. ಸುಧಾಕರ ಶೆಟ್ಟರು.

ಶೆಟ್ಟರು ಕುಂದಾಪುರದವರು. ಇಲ್ಲೇ ಹತ್ತಿರದ ರೇನರ್ಸ್ ಲೇನ್‌ನಲ್ಲಿ ಹೋಟೆಲ್ ಇಟ್ಟಿದ್ದಾರೆ. ನಮ್ಮ ವಾರಾಂತ್ಯದ ಕ್ರಿಕೆಟ್ ಟೀಮಿನಲ್ಲಿ ಆರನೇ ನಂಬರಿಗೆ ಬರುತ್ತಾರೆ. ಟೆನಿಸ್ ಬಾಲಿನಲ್ಲಿ ಆಡಿ ಬೆಳೆದ ಕೈ, ಬಂದ ಬಾಲನ್ನೆಲ್ಲ ಎತ್ತಿ ಬಾರಿಸುತ್ತಾರೆ. ಹೋದ ಬೇಸಿಗೆಯಲ್ಲಿ ಎಲ್ಲರ ಎದುರಿಗೆ "ಇದು ಬ್ಯಾಟಿಂಗಲ್ಲ ಶೆಟ್ರೆ, ಬಟ್ಟೆ ಒಗೆಯೋದು" ಅಂದಿದ್ದೆ. ಅವರು ನಕ್ಕಿದ್ದರು. ನಾನು ಮಾತ್ರ ಆಮೇಲೆ ಅವರ ಹೋಟೆಲಿಗೆ ಕಾಲಿಟ್ಟಿರಲಿಲ್ಲ. ತಪ್ಪು ನನ್ನದಾದಾಗ ಎದುರಿಗಿದ್ದವರ ಮೇಲೆ ಮುನಿಸಿಕೊಳ್ಳುವುದು ನನ್ನ ಹಳೇ ಚಟ.

ಫೋನ್ ಮಾಡಿ ವಿಷಯ ಹೇಳಿದೆ. ಬಟ್ಟೆ ಒಗೆದ ಮಾತಿಗೆ ಕ್ಷಮೆಯನ್ನೂ ಕೇಳಿದೆ.

"ಅಷ್ಟೇಯಾ? ನಾಳೆ ಬತ್ತೆ ಮಾರಾಯ್ರೆ. ಹೋಟ್ಲು ತೆಗುಕ್ ಮುಂಚೆ ಬತ್ತೆ," ಅಂದರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬಂದರು. ತಲೆಗೆ ಕ್ರಿಕೆಟ್ ಹೆಲ್ಮೆಟ್, ಕಾಲಿಗೆ ಪ್ಯಾಡು. (ಇಳಾ ಏಳು ವರ್ಷದವಳಿದ್ದಾಗಿನ ಗ್ರೀನ್‌ಹೌಸ್ ಕತೆ ಅವರೂ ಓದಿದ್ದಾರೆ.) ಸುಮನಾ ಫೋನ್ ಹಿಡಿದು ವಿಡಿಯೊಗೆ ನಿಂತಳು. ನಾನು ಇಳಾಳ ಹಿಂದೆ ಹೋಗಿ ನಿಂತೆ.

"ಹೋಯ್, ನೀವ್ ಅಲ್ಲಿ ನಿಂತ್ರೆ ಆತಿಲ್ಲೆ," ಶೆಟ್ಟರು ಕೂಗಿದರು. "ನೀವ್ ದೂರ ಹೋಯ್ಕ್. ಬಾಲ್ ಹೆಕ್ಕುಕೂ ಒಬ್ರು ಬೇಕಲ್ದಾ?"

ಹೋದೆ. ದೂರದ ಮುಳ್ಳುಪೊದೆಗಳ ಹತ್ತಿರ, ನನ್ನ ಮಗಳು ನಿಲ್ಲುತ್ತಿದ್ದ ಔಟ್‌ಫೀಲ್ಡ್ ಅಂದರೆ ಇದೇ ಅಂದುಕೊಂಡು ನಿಂತೆ. ಅಲ್ಲಿಂದ ಇಳಾ ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ನನ್ನ ಮಾತು ಅಲ್ಲಿಗೆ ಮುಟ್ಟಬೇಕಾದರೆ ಕಿರುಚಬೇಕಿತ್ತು.

ಶೆಟ್ಟರು ಎಸೆದರು. ಇಳಾ ಬೀಸಿದಳು. ಮಿಸ್.

"ಎಂತ ಆತಿಲ್ಲೆ! ಮತ್ತೊಂದ್ ಹಾಕ್ತೆ!" (ಏನೂ ಆಗಲ್ಲ ಅಂತ.)

ಎರಡನೆಯದು. ಬ್ಯಾಟು ಗಾಳಿಯಲ್ಲಿ ಪೂರ್ತಿ ಸುತ್ತಿತು. ಮಿಸ್.

"ಎಂತ ಆತಿಲ್ಲೆ ಮಗಾ! ಹೊಡಿ!"

ಮೂರನೆಯದೂ ಮಿಸ್. ಈ ಹೊತ್ತಿಗೆ ನನ್ನ ಬಾಯಿ ತೆರೆದಿತ್ತು. ಬ್ಲಾಕ್ ಅನ್ನುವ ಶಬ್ದ ನಾಲಿಗೆ ತುದಿಗೆ ಬಂದಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಐವತ್ತೈದು ವರ್ಷದ ಗಂಡಸು, ಹ್ಯಾರೋದ ಪಾರ್ಕಿನಲ್ಲಿ, ಹಾಡಹಗಲೇ. ನಾಯಿ ವಾಕಿಂಗಿಗೆ ಕರೆತಂದಿದ್ದ ಹೆಂಗಸೊಬ್ಬರು ನನ್ನನ್ನು ನೋಡಿ ದಾರಿ ಬದಲಿಸಿದರು.

ಆಗ ನನಗೊಂದು ವಿಷಯ ಅರ್ಥವಾಯಿತು. ಅವಳಿಗೆ ಮಿಸ್ ಆಗುವುದು ಕಷ್ಟವಾಗಿರಲಿಲ್ಲ. ಮೂರು ಮಿಸ್ ಆದ ಮೇಲೂ ಬೂಟಿನ ಕೆಸರು ಝಾಡಿಸಿಕೊಂಡು ಅದೇ ಜಾಗದಲ್ಲಿ ನಿಂತಿದ್ದಳು. ಕಷ್ಟವಾಗುತ್ತಿದ್ದದ್ದು ನೋಡುವ ನನಗೆ. ನನ್ನ ಸಂಕಟಕ್ಕೆ ಅವಳಿಗೆ ಔಷಧಿ ಕುಡಿಸಿದ್ದೆ ನಾನು.

ನಾಲ್ಕನೆಯ ಬಾಲ್. ಕಲ್ಲಿಗೆ ತೆಂಗಿನಕಾಯಿ ಒಡೆದ ಸದ್ದು ಬಂತು. ಬಾಲ್ ಎಲ್ಲಿ ಅಂತ ನಾನು ಎದುರಿಗೆ ಹುಡುಕುತ್ತಿದ್ದರೆ ಅದು ನನ್ನ ತಲೆಯ ಮೇಲಿತ್ತು. ಇನ್ನೂ ಏರುತ್ತಲೇ ಇತ್ತು. ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹಾಕುತ್ತಾ ಮುಳ್ಳುಪೊದೆಯಲ್ಲಿ ಕೂತುಬಿಟ್ಟೆ. ಬಾಲ್ ಪೊದೆ ದಾಟಿ, ಬೇಲಿ ದಾಟಿ ಆಚೆಯ ಹುಲ್ಲಿನಲ್ಲಿ ಮಾಯವಾಯಿತು.

ಬೇಸ್‌ಬಾಲ್ ಶುರುವಾದ ಮೇಲೆ ಮಗಳ ಹೊಡೆತವನ್ನು ಅವಳ ಬೆನ್ನ ಹಿಂದೆ ನಿಂತು ನೋಡಿದ್ದೆ, ಇಲ್ಲವೇ ಟಿವಿಯಲ್ಲಿ. ಅದು ಮೇಲೆ ಬರುವುದನ್ನು ಎದುರಿನಿಂದ ಯಾವತ್ತೂ ನೋಡಿರಲಿಲ್ಲ. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಮುಳ್ಳಿನಲ್ಲಿ ಕೂತೇ ಜೋರಾಗಿ ಶಿಳ್ಳೆ ಹಾಕಿದೆ.

ಆಮೇಲೆ ಇನ್ನೂ ಐದು ಮಿಸ್ ಆದವು, ಎರಡು ಬೇಲಿ ಆಚೆ ಹೋದವು. ಶೆಟ್ಟರು ಪ್ರತಿಯೊಂದಕ್ಕೂ ಅದೇ ಮಾತು ಹೇಳಿದರು. ಹತ್ತಕ್ಕೆ ಹೆಲ್ಮೆಟ್ ತೆಗೆದು, "ನೀರ್‌ದೋಸೆ ತಿಂಬುಕ್ ಬನ್ನಿ," ಅಂತ ಹೇಳಿ ಹೋಟೆಲಿಗೆ ಓಡಿದರು.

ಮನೆಗೆ ಬಂದು ಮೂವರೂ ಸೋಫಾದಲ್ಲಿ ಕೂತು ವಿಡಿಯೊ ನೋಡಿದೆವು. "ಆ ಮೊದಲ್ನೇ ಮೂರು ಮಿಸ್ ಕಟ್ ಮಾಡಿ ಕಳ್ಸಿದ್ರೆ ಹೇಗೆ?" ಅಂದುಬಿಟ್ಟೆ.

ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದರು. (ಚಟ ಅಷ್ಟು ಬೇಗ ಹೋಗುತ್ತದೆಯೆ ಹೇಳಿ?)

"ಪೂರ್ತಿ ಹೋಗತ್ತೆ," ಎಂದಳು ಇಳಾ.

"ಹಾಗಾದ್ರೆ ಕೆಳಗೆ ನಾನೊಂದು ಸಾಲು ಬರೀಲಾ?"

ಅವಳು ಫೋನ್ ಕೊಟ್ಟಳು. ವಾರವಾರ ಈ ಪುಟ ತುಂಬಿಸುವವನಿಗೆ ಆ ಒಂದು ಸಾಲಿಗೆ ಅರ್ಧ ಗಂಟೆ ಬೇಕಾಯಿತು. ಬರೆದದ್ದು ಇಷ್ಟೇ: ಸ್ವಿಂಗ್ ಬದಲಾಯಿಸಿದ್ದು ಇಳಾ ಅಲ್ಲ, ಅವಳ ಅಪ್ಪ, ಅವನಿಗೆ ಬೇಸ್‌ಬಾಲ್ ಬರುವುದಿಲ್ಲ, ಇನ್ನು ಮುಂದೆ ಬಾಯಿ ಹಾಕುವುದಿಲ್ಲ.

ಇಳಾ ಓದಿದಳು. ಏನೂ ತಿದ್ದಲಿಲ್ಲ. ಕಳಿಸಿ, ನನ್ನ ಭುಜಕ್ಕೆ ತಲೆ ಒರಗಿಸಿ ಕೂತಳು.

ಉತ್ತರ ಬಂದದ್ದು ಸೋಮವಾರ ಮಧ್ಯಾಹ್ನ, ನಾನು ಆಫೀಸಿನಲ್ಲಿದ್ದಾಗ. ಇಳಾ ಅದನ್ನು ಹಾಗೇ ನನಗೆ ಕಳಿಸಿದ್ದಳು. ಅವಳು ಕ್ಯಾಂಪಿಗೆ ಹೋಗುತ್ತಿದ್ದಾಳೆ. ತಂಡದಲ್ಲಿ ಉಳಿಯುತ್ತಾಳೋ ಇಲ್ಲವೋ, ಅದು ಅವಳ ಬ್ಯಾಟಿಗೆ ಬಿಟ್ಟದ್ದು. ಎಷ್ಟು ಮಿಸ್ ಆಗುತ್ತಾಳೋ ಆಗಲಿ.

ನನ್ನ ಸಾಲಿಗೂ ಕೋಚ್ ಉತ್ತರ ಕೊಟ್ಟಿದ್ದರು. "ಅಪ್ಪನೇ ಇರಬೇಕು ಅಂತ ನನಗೆ ಗೊತ್ತಿತ್ತು. ನನ್ನ ಪ್ರತಿಯೊಬ್ಬ ಆಟಗಾರ್ತಿಯ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ."

ನಿಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲವೆ? ಹಾಗಾದರೆ ಅದು ನೀವೇ.